ಹೊಗೆಯಟ್ಟದಲ್ಲಿ ಒಣಗಿಸಿದ ಬ್ಯಾಟರಿ

ವಿಮಾನದೊಳಗೆ ಹೊಗೆ ಕಂಡರೆ ಏನೇನು ಮಾಡಬೇಕೆಂದು ಗಗನಸಖಿಯರಾದ ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಎಲ್ಲಿಂದ ಬರುತ್ತಿದೆ ಹುಡುಕು, ಪೈಲಟ್‌ಗೆ ತಿಳಿಸು, ಮುಖಕ್ಕೆ ಹುಡ್ ಹಾಕಿಕೋ, ಆರಿಸು, ಆರಿದ ಮೇಲೂ ನಂಬಬೇಡ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಆದರೆ ಹೊಗೆಯಾಡುತ್ತಿರುವ ಬ್ಯಾಗಿನ ಕೆಳಗೆ ನಿಮ್ಮ ಅಪ್ಪನೇ ಕೈಕಟ್ಟಿಕೊಂಡು ಕೂತಿದ್ದರೆ ಏನು ಮಾಡಬೇಕು ಅನ್ನುವುದು ಆ ಪಾಠದಲ್ಲಿ ಇರಲಿಲ್ಲ.

ನಮ್ಮಪ್ಪ ಸೋಮಯ್ಯ ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಗೊಬ್ಬರ ಕೊಡಿಸುವುದು, ಸ್ಟೋರಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಹೊರಗೆ ಕಾಣುವ ಕೆಲಸ. ಕಾಣದ ಕೆಲಸ ಇನ್ನೊಂದಿದೆ. ಎಸ್ಟೇಟಿನ ಸಾಹುಕಾರರು ನಟರಾಜ್ ಅಂತ. ಅವರು ಮಾಡಿದ ತಪ್ಪಿಗೆಲ್ಲ ಅಪ್ಪ ತನ್ನ ಹೆಸರು ಕೊಡಬೇಕು. ನಮ್ಮ ಕಡೆ ಇದಕ್ಕೆ ‘ತಲೆ ಕೊಡೋದು’ ಅನ್ನುತ್ತಾರೆ. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಕೊಡುವವನಿಗಂತೂ ಹೆಮ್ಮೆ. ಸಾಹುಕಾರರ ಜೀಪು ಹಸುವೊಂದನ್ನು ಗುದ್ದಿ ಕೊಂದಾಗ ಓಡಿಸುತ್ತಿದ್ದವನು ತಾನೇ ಎಂದು ಅಪ್ಪ ಹೇಳಿದ. ಅವನಿಗೆ ಸೈಕಲ್ಲೇ ಬರುವುದಿಲ್ಲ. ಕಾಡುಹಂದಿಗೆ ಉರುಳು ಹಾಕಿಸಿದ್ದು ಅವರು, ಲಾಕಪ್ಪಿನಲ್ಲಿ ಕೂತದ್ದು ಇವನು. ಬಿಡಿಸಿಕೊಂಡು ಬರುವಾಗ ಸಾಹುಕಾರರು ಅಪ್ಪನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರಂತೆ. ಅದನ್ನು ಅಪ್ಪ ಇವತ್ತಿಗೂ ತನ್ನ ಮದುವೆ ಮೆರವಣಿಗೆಯ ಹಾಗೆ ನೆನೆಯುತ್ತಾನೆ.

ಸಾಹುಕಾರರ ಫೋನ್ ಬಂದರೆ ಅಪ್ಪ ಚಪ್ಪಲಿ ಬಿಟ್ಟು ಎದ್ದು ನಿಂತು ಮಾತಾಡುತ್ತಾನೆ. ಫೋನಿನಲ್ಲಿ ಚಪ್ಪಲಿ ಕಾಣುತ್ತದಾ ಅಂತ ನಾನು ಎಷ್ಟೋ ಸಲ ರೇಗಿಸಿದ್ದೇನೆ. ನಾನೂ ನೋಡಿ, ಇಷ್ಟೆಲ್ಲ ಆದ ಮೇಲೂ ‘ಅವರು’ ಎಂದೇ ಬರೆಯುತ್ತಿದ್ದೇನೆ. ಚಿಕ್ಕಂದಿನಿಂದ ನಾಲಿಗೆ ಹಾಗೆ ಪಳಗಿದೆ.

ಕಳೆದ ಮಳೆಗಾಲದಲ್ಲಿ ದೆಹಲಿಯಲ್ಲೊಂದು ಕಾಫಿ ಸ್ಪರ್ಧೆ ಇತ್ತು. ಸಾಹುಕಾರರ ತೋಟದ ಕಾಫಿಯೂ ಆಯ್ಕೆಯಾಗಿತ್ತು. ಅವರು ಹೊರಟರು, ಸ್ಯಾಂಪಲ್ ಹೊರಲು ಅಪ್ಪನನ್ನೂ ಹೊರಡಿಸಿದರು. ಬೇಕೆಂದೇ ನಾನು ಡ್ಯೂಟಿಯಲ್ಲಿರುವ ವಿಮಾನವನ್ನೇ ಹಿಡಿದರು. ‘ನಮ್ಮ ಎಸ್ಟೇಟ್ ಹುಡುಗಿ ಕೈಲಿ ಕಾಫಿ ಕುಡೀತಾ ಹೋಗ್ತೀನಿ’ ಎಂದು ಸಕಲೇಶಪುರದ ತುಂಬ ಹೇಳಿಕೊಂಡು ಬಂದಿದ್ದರಂತೆ. ಅವರಿಗೆ ಮೊದಲ ಸಾಲು, ಅಪ್ಪನಿಗೆ ನಡುವಿನ ಸಾಲಿನ ನಡುವಿನ ಸೀಟು.

ಅಪ್ಪ ವಿಮಾನ ಹತ್ತಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆಗೆ ವಿಭೂತಿ. ಬಾಗಿಲಲ್ಲಿ ನಾನು ನಮಸ್ಕಾರ ಅಂದರೆ ತಾನೂ ಗಂಭೀರವಾಗಿ ಕೈಮುಗಿದು ‘ನಮಸ್ಕಾರ ಮೇಡಂ’ ಅಂದ. ಬೆಲ್ಟ್ ಕಟ್ಟಲು ಬಗ್ಗಿದಾಗ ಕಿವಿಯಲ್ಲಿ ‘ಏನಪ್ಪ ಇದು ಮೇಡಂ’ ಅಂದೆ.

‘ಡ್ಯೂಟೀಲಿರೋರ್ನ ಹೆಸ್ರಿಡಿದು ಕರೀಬಾರ್ದು ಕಣವ್ವ’ ಅಂದ. ಪಕ್ಕದವರಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ‘ನನ್ ಮಗಳು’ ಅಂತಲೂ ಸೇರಿಸಿದ. ನನಗೆ ನಗು ಬಂತು, ಕಣ್ಣೂ ಮಂಜಾಯಿತು. ಆ ಹೊತ್ತು ನನಗಿಂತ ಸುಖಿ ಆ ವಿಮಾನದಲ್ಲಿ ಯಾರೂ ಇರಲಿಲ್ಲ.

ಊಟದ ಗಾಡಿ ಹಿಂದಕ್ಕೆ ತಳ್ಳಿಕೊಂಡು ಹೋಗುವಾಗ ಅಪ್ಪ ಎದ್ದು ಮುಂದಕ್ಕೆ ನಡೆಯುವುದು ಕಂಡಿತು. ಮೊದಲ ಸಾಲಿನ ಹತ್ತಿರ ಬಗ್ಗಿ ಸಾಹುಕಾರರಿಗೆ ಏನೋ ಹೇಳಿದ. ಅವರು ತಲೆಯೆತ್ತದೆ ಕೈಯಲ್ಲೇ ಹೋಗು ಅಂದರು. ಅಪ್ಪ ವಾಪಸು ಬಂದು, ಬೆಲ್ಟ್ ಕಟ್ಟಿಕೊಳ್ಳಲು ತಡಕಾಡಿ, ಕೈಕಟ್ಟಿ ಕೂತ. ಬಾಯಾರಿಕೆಯಿರಬೇಕು ಅಂದುಕೊಂಡೆ.

ಆಮೇಲೆ ವಾಸನೆ ಬಂತು. ಅಡುಗೆಯದಲ್ಲ, ವೈರ್ ಸುಟ್ಟದ್ದೂ ಅಲ್ಲ. ಉಗುರಿಗೆ ಹಚ್ಚುವ ಬಣ್ಣದಂಥದೇ ಸಿಹಿ ವಾಸನೆ, ಗಂಟಲಿಗೆ ಇಳಿದರೆ ಖಾರ. ಬ್ಯಾಟರಿ ಎಂದು ತಕ್ಷಣ ಗೊತ್ತಾಯಿತು. ಅಪ್ಪನ ತಲೆಯ ಮೇಲಿನ ಸಾಮಾನಿನ ಗೂಡಿನ ಸಂದಿಯಿಂದ ಬಿಳಿ ಹೊಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಯಾರೋ ಕಿರುಚಿದರು. ನಮ್ಮ ತಂಡದ ಹಿರಿಯಳು ಚಂದ್ರಿಕಾ ಪೈಲಟ್‌ಗೆ ಫೋನ್ ಮಾಡಿದಳು. ನಾನು ಆ ಸಾಲುಗಳವರನ್ನೆಲ್ಲ ಎಬ್ಬಿಸಿ ಹಿಂದಕ್ಕೆ ಕಳಿಸಿದೆ. ಅಪ್ಪ ಮಾತ್ರ ಏಳಲಿಲ್ಲ. ಸಾಹುಕಾರರಿದ್ದ ಮೊದಲ ಸಾಲಿನ ಕಡೆಗೇ ನೋಡುತ್ತಿದ್ದ. ರಟ್ಟೆ ಹಿಡಿದು ಎಳೆದು ಎಬ್ಬಿಸಿದೆ.

ಹುಡ್ ಅಂದರೆ ಹೊಗೆಯಲ್ಲಿ ಉಸಿರಾಡಲು ತಲೆಗೆ ಹಾಕಿಕೊಳ್ಳುವ ಚೀಲ. ಹಗ್ಗ ಎಳೆದರೆ ಒಳಗೆ ಆಮ್ಲಜನಕ ಬರಬೇಕು. ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಒಳಗೆ ನನ್ನದೇ ಉಸಿರು ಬಿಸಿಯಾಗಿ ಸುತ್ತತೊಡಗಿ ಕಣ್ಣು ಕತ್ತಲಿಟ್ಟಿತು. ಕಿತ್ತು ಬಿಸಾಕಿ, ಒದ್ದೆ ಟವೆಲನ್ನು ಮೂಗಿಗೆ ಕಟ್ಟಿಕೊಂಡು, ಗೂಡಿನ ಬಾಗಿಲನ್ನು ಬೆರಳಗಲ ತೆಗೆದು ಬೆಂಕಿ ಆರಿಸುವ ಸಿಲಿಂಡರಿನ ಮೂತಿ ತೂರಿಸಿ ಒತ್ತಿದೆ. ಉರಿ ಸತ್ತಿತು. ಮತ್ತೆ ಎದ್ದಿತು. ನೀರು, ಜ್ಯೂಸು, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದೆವು. ಕಡೆಗೆ ಆ ಬ್ಯಾಗನ್ನು ದಪ್ಪ ಕೈಗವಸಿನಲ್ಲಿ ಎಳೆದು ನೀರು ತುಂಬಿದ ಡಬ್ಬಕ್ಕೆ ಅದ್ದಿದಾಗ ನನಗೆ ಅದರ ಗುರುತು ಹತ್ತಿತು. ಎಸ್ಟೇಟಿನ ಹೆಸರು ಅಚ್ಚಾದ ಹಸಿರು ಬ್ಯಾಗು. ಒಳಗೆ ಅರ್ಧ ಸುಟ್ಟ ಕಂಬಳಿ, ಕಂಬಳಿಯೊಳಗೆ ಕರಿ ಟೇಪು ಸುತ್ತಿದ ಇಟ್ಟಿಗೆಯಂಥದೊಂದು. ಗಿಡಗಳಿಗೆ ಔಷಧಿ ಹೊಡೆಯುವ ಮೆಷಿನ್ನಿನ ಬ್ಯಾಟರಿ. ಅಂಥದನ್ನು ಸ್ಟೋರಿನಲ್ಲಿ ನೂರು ಸಲ ನೋಡಿದ್ದೆ.

ವಿಮಾನವನ್ನು ನಾಗ್ಪುರದಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ, ನನ್ನೊಬ್ಬಳಿಗೆ ಕೆಮ್ಮು ನಿಲ್ಲಲಿಲ್ಲ. ಕೆಳಗೆ ಪೊಲೀಸರು ಬ್ಯಾಗು ಯಾರದ್ದು ಎಂದು ಕೇಳಿದರು. ಸಾಹುಕಾರರು ಇಂಗ್ಲಿಷಿನಲ್ಲಿ, ಬಹಳ ಬೇಜಾರಾದವರ ಹಾಗೆ, ನಮ್ಮ ರೈಟರ್‌ದು ಎಂದರು. ಆಮ್ಲಜನಕದ ಮುಖವಾಡ ಹಾಕಿಕೊಂಡು ಕೂತಿದ್ದ ನಾನು ಅಪ್ಪನ ಮುಖ ನೋಡಿದೆ. ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಉರುಳಿನ ಕೇಸಿನಲ್ಲೂ ಹೀಗೇ ಬಂದಿರಬೇಕು.

‘ನಂದೇ ಸಾರ್’ ಅಂದ.

ಪೊಲೀಸರು ಅಪ್ಪನ ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಬಿಟ್ಟರು. ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಕಂಪನಿಯವರು ನನ್ನನ್ನು ಕೆಲಸದಿಂದ ದೂರ ಇಟ್ಟರು. ಬ್ಯಾಟರಿ ತಂದವನು ಸ್ವಂತ ಅಪ್ಪ ಅಂದಮೇಲೆ ನನಗೆ ಮೊದಲೇ ಗೊತ್ತಿರಬೇಕು, ಗೊತ್ತಿದ್ದೂ ಸುಮ್ಮನಿದ್ದೆ ಎಂಬ ಅನುಮಾನ. ಅದು ಎಸ್ಟೇಟಿನ ಬ್ಯಾಟರಿ, ಸಾಹುಕಾರರದ್ದು ಎಂದೆ. ‘ನಿಮ್ಮ ತಂದೆಯೇ ಒಪ್ಪಿಕೊಂಡಿದ್ದಾರಲ್ಲಮ್ಮ’ ಎಂದರು. ಅಪ್ಪನನ್ನು ಕರೆದು ವಿಚಾರಣೆ ಮಾಡುತ್ತಾರಂತೆ, ಅವನು ಏನು ಹೇಳುತ್ತಾನೋ ಅದರ ಮೇಲೆ ತೀರ್ಮಾನವಂತೆ. ನನ್ನ ಹುಡ್ ಯಾಕೆ ಕೆಲಸ ಮಾಡಲಿಲ್ಲ ಎಂದು ನಾನು ಕೇಳಿದೆ. ಅದು ಬೇರೆ ವಿಭಾಗ ಎಂದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಬ್ಯಾಗಿನ ಮಾತು ಸಿಕ್ಕಿದ ಮೇಲೆ ಹುಡ್ಡಿನ ಮಾತು ಯಾರಿಗೆ ಬೇಕು.

ಸಿಟ್ಟಿನಲ್ಲೇ ಊರಿಗೆ ಹೋದೆ. ಕ್ವಾರ್ಟರ್ಸಿನ ಹಿಂದಿನ ಬಚ್ಚಲಲ್ಲಿ ಅಮ್ಮ ಗಂಗಾಮಣಿ ಒಲೆಗೆ ಕಾಫಿ ಬೊಡ್ಡೆ ತುರುಕುತ್ತಿದ್ದಳು. ನನ್ನನ್ನು ಕಂಡದ್ದೇ ಅತ್ತಳು.

‘ನಾನೇ ಕಣೆ ಮಾಡಿದ್ದು. ನಾನೇ ಆ ಹಾಳಾದ್ದನ್ನ ಅಲ್ಲಿ ಮಡಗಿದ್ದು’ ಎಂದು ಮೇಲೆ ತೋರಿಸಿದಳು.

ಬಚ್ಚಲ ಒಲೆಯ ಮೇಲೆ ಬಿದಿರಿನ ಹೊಗೆಯಟ್ಟ ತೂಗುಬಿಟ್ಟಿದೆ. ಹೆತ್ತೂರಿನ ಮಳೆಯಲ್ಲಿ ಬಿಸಿಲು ಅನ್ನುವುದೊಂದು ಇದೆ ಎಂಬುದೇ ಮರೆತುಹೋಗುತ್ತದೆ. ಒಣಗಬೇಕಾದದ್ದೆಲ್ಲ ಆ ಅಟ್ಟಕ್ಕೆ ಹೋಗಬೇಕು. ಸೌದೆ, ಚಪ್ಪಲಿ, ಕಂಬಳಿ, ಬೀಜದ ಸೌತೆಕಾಯಿ, ಮಳೆಗೆ ನೆಂದ ಟಾರ್ಚು, ನನ್ನ ಹಳೆಯ ಶಾಲೆಯ ಪುಸ್ತಕಗಳು, ಒಂದು ಸಲ ಮೊಬೈಲು. ಔಷಧಿ ಮೆಷಿನ್ನು ತೋಡಿನ ನೀರಿಗೆ ಬಿದ್ದು ಬ್ಯಾಟರಿ ನೆಂದಾಗ ಸಾಹುಕಾರರು ‘ಸೋಮಯ್ಯ, ನಿಮ್ಮನೆ ಅಟ್ಟದ ಮ್ಯಾಲೆ ಹಾಕ್ಸು, ಒಣಗ್ಲಿ’ ಎಂದಿದ್ದರು. ಅಮ್ಮ ಹಾಕಿದಳು. ಅದು ಬೆಂಕಿಯ ಕಾವಿಗೆ ಹೊಟ್ಟೆಯುಬ್ಬರಿಸಿಕೊಂಡಿತು.

‘ಊದ್ಕಂಡೈತೆ ಅಂತ ನಾನೇ ಹೋಗಿ ತೋರ್ಸಿದ್ನಪ್ಪ. ಕೊರಿಯರ್ನೋರು ಮುಟ್ಟಲ್ಲ ಅಂದ್ಬುಟ್ರಂತೆ. ಡೆಲ್ಲಿ ಕಂಪ್ನೀಲಿ ಬದಲಿ ಕೊಡ್ತಾರೆ, ಎಂಗೂ ಹೋಯ್ತಿದೀವಲ್ಲ ಅಂದ್ರು ಸಾವ್ಕಾರ್ರು’ ಅಂದಳು ಅಮ್ಮ.

ಅಪ್ಪ ಸ್ಟೋರಿನಿಂದ ಬಂದ. ನನ್ನ ಕೆಮ್ಮು ಕೇಳಿ ಮೊದಲು ಕಾಳುಮೆಣಸಿನ ಕಷಾಯ ಮಾಡಿಸಿದ. ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದ. ಏರ್‌ಪೋರ್ಟಿನ ತಪಾಸಣೆಯಲ್ಲಿ ಅದನ್ನು ಹೇಗೆ ಬಿಟ್ಟರು ಎಂದು ಕೇಳಿದೆ. ಅಪ್ಪನ ಮುಖ ಅರಳಿತು.

‘ತಗ್ದು ನೋಡಿದ್ರು ಕಣವ್ವ. ನಂಗೆ ಎದೆ ಡವ ಡವ. ಸಾವ್ಕಾರ್ರು ಇಂಗ್ಲಿಷ್ನಲ್ಲಿ ಏನೇಳಿದ್ರು ಗೊತ್ತಾ? ಈ ಸೋಮಯ್ಯಂಗೆ ಉಸ್ರಾಟದ ಕಾಯ್ಲೆ ಐತೆ, ಅದ್ರ ಮಿಷಿನ್ದು ಅಂತ! ಆ ಉಡ್ಗ ಸಲಾಂ ಹೊಡ್ದು ಬುಟ್ಬುಟ್ಟ. ಊದಿರೋದು ಕಾಣ್ದಂಗೆ ಟೇಪ್ನ ನಾನೇ ಬಿಗಿಯಾಗಿ ಸುತ್ತಿದ್ದೆ, ಅವ್ರು ಹೇಳಿದ್ರು.’

‘ವಿಮಾನದಲ್ಲಿ ಎದ್ದೋಗಿ ಅವ್ರಿಗೆ ಏನ್ ಹೇಳ್ದೆ?’

ಅಪ್ಪ ಲೋಟದ ತಳ ನೋಡಿದ. ‘ವಾಸ್ನೆ ಬತ್ತೈತೆ ಅಂದೆ. ಸುಮ್ನೆ ಕೂತ್ಕೋ ಅಂದ್ರು.’

‘ನನ್ನ ಕರೀಬೇಕು ಅನ್ನಿಸ್ಲಿಲ್ವಾ? ನಾನು ಅಲ್ಲೇ ಇದ್ನಲ್ಲಪ್ಪ!’

‘ಅವ್ರ ಸಾಮಾನು. ಅವ್ರನ್ನ ಕೇಳ್ದೆ ಎಂಗವ್ವ ಹೇಳಾದು?’

ನಾನು ಕಿರುಚಿದೆ. ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಅಷ್ಟು ಜನ ಸಾಯುತ್ತಿದ್ದರು, ನೀನು ಸಾಯುತ್ತಿದ್ದೆ, ನಾನು ಸಾಯುತ್ತಿದ್ದೆ ಎಂದೆ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಅಮ್ಮ ಬಾಗಿಲು ಮುಂದೆ ಮಾಡಿದಳು, ಆಳುಗಳ ಲೈನಿನ ಮನೆಗಳವರಿಗೆ ಕೇಳದಿರಲಿ ಎಂದು. ಕೊನೆಗೆ ಅಪ್ಪ ಮೆಲ್ಲಗೆ ಹೇಳಿದ: ‘ನಾನ್ ಜೈಲಿಗೆ ಹೋದ್ರೆ ಹೋಗಿ ಬತ್ತೀನಿ. ಅವ್ರು ಹೋದ್ರೆ ತೋಟ ನೋಡೋರ್ಯಾರು? ಇಡೀ ಹೋಬ್ಳೀಲಿ ಯಾವ ರೈಟರ್ ಮ್ಯಾಲೆ ಇಷ್ಟು ನಂಬ್ಕೆ ಮಡಗವ್ರೆ, ನೀನೇ ಹೇಳು.’

ಮಾರನೆಯ ಬೆಳಿಗ್ಗೆ ಬಂಗಲೆಗೆ ಹೋದೆ. ಸಾಹುಕಾರರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ‘ಬಾಮ್ಮ ಬಾ, ನಮ್ಮೂರ ವೀರವನಿತೆ’ ಎಂದರು. ಸ್ಪರ್ಧೆಗೆ ಹೋಗಲಾಗದ್ದಕ್ಕೆ ಮರುಗಿದರು. ಹೊಗೆಯನ್ನು ಮೊದಲು ಕಂಡದ್ದು ತಾವೇ ಎಂದು ಅವರು ಸಕಲೇಶಪುರದ ಕ್ಲಬ್ಬಿನಲ್ಲಿ ಹೇಳಿಕೊಂಡದ್ದು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಅವರು ಅದನ್ನು ಈಗ ನಿಜವೆಂದೇ ನಂಬಿದ್ದರು ಅಂತ ಕಾಣುತ್ತದೆ.

‘ಬ್ಯಾಟರಿ ನಿಮ್ಮದು ಅಂತ ಒಂದು ಮಾತು ಹೇಳಿ ಸಾರ್. ನನ್ನ ಕೆಲಸ ಉಳಿಯುತ್ತೆ’ ಎಂದೆ. ಬೇಡುವ ದನಿಯಲ್ಲಿ ಅನ್ನಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಬೇಡುವ ದನಿಯಲ್ಲೇ ಬಂತು.

‘ಅಲ್ಲಮ್ಮ, ನಿಮ್ಮಪ್ಪನ್ನ ಆದ್ರೆ ಹಳ್ಳಿಯೋನು, ಗೊತ್ತಿಲ್ದೆ ತಂದ ಅಂತ ಬಿಟ್ಬಿಡ್ತಾರೆ. ನನ್ನ ಬಿಡ್ತಾರಾ? ಓದ್ದೋನು ಅಂತ ಹಿಡ್ಕೊಂತಾರೆ’ ಎಂದರು. ‘ಒಂದಲ್ಲ ಒಂದು ಕೆಲ್ಸ ಸಿಕ್ಕೇ ಸಿಗುತ್ತೆ ನಿಂಗೆ. ಕಾಫಿ ಕುಡಿದು ಹೋಗು.’

ಅವರ ಕಾಫಿ ಕುಡಿಯದೆ ಬಂದೆ. ಅದು ನನ್ನ ಜನ್ಮದಲ್ಲಿ ಮೊದಲ ಸಲ.

ವಿಚಾರಣೆಯ ಹಿಂದಿನ ಸಂಜೆ ಅಪ್ಪನ ಮುಂದೆ ಕೂತು ಸಮಾಧಾನವಾಗಿ ಹೇಳಿದೆ. ಅಪ್ಪ, ನಾನು ಹಾರಬೇಕು. ಅದು ಬಿಟ್ಟು ನನಗೆ ಬೇರೆ ಏನೂ ಇಷ್ಟವಿಲ್ಲ. ಬೆಳಿಗ್ಗೆ ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನಾನು ನೋಡುತ್ತೇನೆ. ಈ ಊರಲ್ಲಿ ಹುಟ್ಟಿದ ಯಾವ ಹೆಣ್ಣು ನೋಡಿದ್ದಾಳೆ? ನೀನು ನಿಜ ಹೇಳಿದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಎರಡರಲ್ಲಿ ಒಂದು. ಅಪ್ಪ ನನ್ನ ತಲೆ ಸವರಿದ.

‘ಹೇಳ್ತೀನಿ ಬುಡು ಮಗ. ಅವ್ರ್ದೇ ಅಂತ ಹೇಳ್ಬುಡ್ತೀನಿ’ ಅಂದ.

ಸಕಲೇಶಪುರದಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಅಪ್ಪ ಕಿಟಕಿ ಪಕ್ಕ ಕೂತು, ವಿಮಾನದಲ್ಲಿ ತನಗೆ ಕಿಟಕಿ ಸಿಗಲಿಲ್ಲ ಎಂದು ಚಿಕ್ಕ ಮಕ್ಕಳ ಹಾಗೆ ಬೇಜಾರು ಮಾಡಿಕೊಂಡ. ಇನ್ನೊಂದು ಸಲ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಹಾಗೆ ಹೇಳುವಾಗ ನನಗೆ ನಂಬಿಕೆಯಿತ್ತು. ಆಲೂರು ದಾಟುವಾಗ ಅವನಿಗೆ ಫೋನ್ ಬಂತು. ಎದ್ದು ಬಾಗಿಲ ಹತ್ತಿರ ಹೋದ. ನಾನು ಸೀಟಿನ ಕೆಳಗೆ ನೋಡಿದೆ. ಚಪ್ಪಲಿಗಳು ಅಲ್ಲೇ ಇದ್ದವು. ತಿರುಗಿ ಬಂದವನನ್ನು ನಾನು ಏನೂ ಕೇಳಲಿಲ್ಲ. ಕೇಳಿ ಅವನ ಮನಸ್ಸು ಕೆಡಿಸುವುದು ಯಾಕೆ ಅಂದುಕೊಂಡೆ.

ವಿಚಾರಣೆಯ ಕೋಣೆಯಲ್ಲಿ ಕಂಪನಿಯ ಮೂವರು ಇದ್ದರು. ಕನ್ನಡ ಬಲ್ಲ ಹಿರಿಯರೊಬ್ಬರು ಅಪ್ಪನಿಗೆ ನೀರು ಕೊಟ್ಟು, ಹೆದರಬೇಡಿ, ಬ್ಯಾಟರಿ ಯಾರದ್ದು ಹೇಳಿ ಎಂದು ಮೆಲ್ಲಗೆ ಕೇಳಿದರು. ಅಪ್ಪ ನನ್ನನ್ನು ನೋಡಿದ. ನಾನು ಹೇಳು ಎಂದು ತಲೆಯಾಡಿಸಿದೆ.

‘ನಂದೇ ಸಾರ್.’

ಹಿರಿಯರು ಇನ್ನೊಮ್ಮೆ ಕೇಳಿದರು.

‘ಸರಿಯಾಗಿ ಯೋಚಿಸಿ ಹೇಳಿ. ನಿಮ್ಮ ಮಗಳು ಬೇರೆ ಹೇಳ್ತಿದ್ದಾರೆ. ಇಂಥ ವಸ್ತುವನ್ನ ವಿಮಾನದಲ್ಲಿ ತರೋದು ಅಪಾಯ ಅಂತ ನಿಮಗೆ ಗೊತ್ತಿರಲಿಲ್ವಾ?’

ಅಪ್ಪ ನೆಟ್ಟಗೆ ಕೂತ. ಈ ಪ್ರಶ್ನೆಗೆ ಅವನ ಬಳಿ ಸ್ವಂತ ಉತ್ತರವಿತ್ತು. ಇದನ್ನು ಸಾಹುಕಾರರು ಹೇಳಿಕೊಟ್ಟಿರಲಿಲ್ಲ ಎಂದು ಈಗಲೂ ನನಗೆ ಖಾತ್ರಿಯಿದೆ, ಯಾಕೆಂದರೆ ಆ ಉತ್ತರ ಹೇಳುವಾಗ ಅವನ ಮುಖದಲ್ಲಿ ಬೆಳಕಿತ್ತು.

‘ನನ್ ಮಗಳೇ ಅಲ್ಲಿರ್ತಾಳಲ್ಲ ಸಾರ್, ಏನೂ ಆಗಾಕಿಲ್ಲ ಅನ್ನೋ ಧೈರ್ಯದ ಮ್ಯಾಲೆ ತಂದೆ.’

‘ಅಂದರೆ ಬ್ಯಾಟರಿ ಇರೋದು ಅವರಿಗೂ ಗೊತ್ತಿತ್ತು?’

ಅಪ್ಪ ನಕ್ಕ. ನನ್ನ ಕಡೆ ಕೈ ತೋರಿಸಿ, ಪಕ್ಕದ ಸೀಟಿನವರಿಗೆ ಹೇಳಿದ ಅದೇ ದನಿಯಲ್ಲಿ ಹೇಳಿದ: ‘ಇಮಾನದಲ್ಲಿ ನನ್ ಮಗಳಿಗೆ ಗೊತ್ತಿಲ್ದೇ ಇರೋದು ಏನೈತೆ ಸಾರ್?’

ಹಿರಿಯರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಇಲ್ಲ, ಅವನು ಹೇಳಿದ್ದು ಹಾಗಲ್ಲ, ಅವನು ಹೆಮ್ಮೆಗೆ ಹೇಳಿದ್ದು ಎಂದು ಶುರುಮಾಡಿದೆ. ಕೆಮ್ಮು ಬಂತು. ಬಗ್ಗಿ ಕೆಮ್ಮಿದೆ. ಕೆಮ್ಮು ನಿಂತ ಮೇಲೆ ನೋಡಿದರೆ ಕೇಳುವವರ ಮುಖಗಳಲ್ಲಿ ಕೇಳುವುದು ಮುಗಿದಿತ್ತು. ಹೊರಗೆ ಕೂತಿರಿ ಎಂದರು. ಸ್ವಲ್ಪ ಹೊತ್ತಿಗೆ ಕರೆದು ಕಂಪನಿಯ ಗುರುತಿನ ಚೀಟಿಯನ್ನು ನನ್ನಿಂದ ವಾಪಸು ಪಡೆದರು.

ಹೊರಗಿನ ಬೆಂಚಿನಲ್ಲಿ ಅಪ್ಪ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ‘ಎಂಗೋ ಮುಗೀತು ಕಣವ್ವ’ ಅಂದ. ‘ಅವ್ರ ಹೆಸ್ರು ಬಾಯಿಗೆ ಬರ್ನೇ ಇಲ್ಲ. ನಾಲ್ಗೆ ಮಗುಚ್ಲಿಲ್ಲ, ಏನ್ಮಾಡ್ಲಿ. ನಿನ್ನನ್ನ ಮಾತ್ರ ಬಿಟ್ಕೊಡ್ಲಿಲ್ಲ ನೋಡು.’

ಅವನಿಗೆ ಗೊತ್ತೇ ಆಗಿರಲಿಲ್ಲ. ಅವನನ್ನು ಅಲ್ಲೇ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಅಂತಲೂ ಅನ್ನಿಸಿತು. ಇಷ್ಟು ವರ್ಷ ಅಪ್ಪ ಕೊಡುತ್ತಿದ್ದದ್ದು ತನ್ನ ತಲೆ. ಈ ಸಲ ನನ್ನದನ್ನು ಕೊಟ್ಟು ಬಂದಿದ್ದ, ಅದೂ ನಗುನಗುತ್ತ.

ಅಷ್ಟರಲ್ಲಿ ಫೋನ್ ಬಂತು. ಅಪ್ಪ ಚಪ್ಪಲಿ ಕಳಚಿ, ಆ ತಣ್ಣನೆಯ ಹೊಳೆಯುವ ನೆಲದ ಮೇಲೆ ಎದ್ದು ನಿಂತ.

‘ಆಯ್ತು ಸಾವ್ಕಾರ್ರೇ. ಇಲ್ಲ ಇಲ್ಲ, ನಿಮ್ಮೆಸ್ರು ಎಲ್ಲೂ ಬರ್ಲಿಲ್ಲ. ಮಗಳಾ? ಇಲ್ಲೇ ಅವಳೆ.’ ಕೇಳಿಸಿಕೊಳ್ಳುತ್ತ ಅವನ ಕಣ್ಣು ದೊಡ್ಡದಾಯಿತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನಗೆ ಪಿಸುಗುಟ್ಟಿದ: ‘ನಿನ್ ಕೆಲ್ಸಕ್ಕೆ ಏನಾರ ಆದ್ರೆ ಎಸ್ಟೇಟ್ ಹೋಮ್‌ಸ್ಟೇಲಿ ಮಡಿಕ್ಕತೀನಿ ಅಂತವ್ರೆ ಕಣವ್ವ. ಬಂದೋರಿಗೆ ಕಾಫಿ ಕೊಡೋದಂತೆ. ದೇವ್ರಂಥೋರು.’

ಒಂದು ಚಪ್ಪಲಿ ಬೆಂಚಿನ ಕೆಳಗೆ ಸರಿದುಹೋಗಿತ್ತು. ಬಗ್ಗಿ ಎಳೆದು, ಎರಡನ್ನೂ ಜೋಡಿಸಿ ಅವನ ಕಾಲಿನ ಮುಂದೆ ಇಟ್ಟೆ.

‘ಹಾಕ್ಕೋಪ್ಪ’ ಅಂದೆ.

ಇನ್ನೂ ಫೋನ್ ಇಟ್ಟಿಲ್ಲ, ತಡಿ ಎಂದು ಅಪ್ಪ ಕೈಸನ್ನೆ ಮಾಡಿದ.